ಕಾರ್ಡ್‌ಲೆಸ್ ಟೂಲ್ ಕೊಳ್ಳುವುದೆಂದರೆ ಬ್ಯಾಟರಿ ಕೊಳ್ಳುವುದು

ನನ್ನ ಕಪಾಟಿನ ಕೆಳಗಿನ ಅರೆಯಲ್ಲಿ ನಾಲ್ಕು ಚಾರ್ಜರ್‌ಗಳಿವೆ. ನಾಲ್ಕೂ ಬೇರೆ ಬೇರೆ ಕಂಪನಿಯವು. ಒಂದರ ಬ್ಯಾಟರಿ ಇನ್ನೊಂದಕ್ಕೆ ಕೂರುವುದಿಲ್ಲ. ಒಂದೊಂದನ್ನೂ ಕೊಂಡ ದಿನ ಭಾರಿ ಲಾಭ ಮಾಡಿಕೊಂಡೆ ಅಂತಲೇ ಅನಿಸಿತ್ತು. ಈಗ ಗೋಡೆಗೆ ಒಂದು ತೂತು ಕೊರೆಯಬೇಕೆಂದರೆ, ಯಾವ ಬ್ಯಾಟರಿಯಲ್ಲಿ ಚಾರ್ಜ್ ಇದೆ, ಅದು ಯಾವ ಯಂತ್ರದ್ದು ಎಂದು ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಪ್ರತಿ ಸಲವೂ ನಾನು ಯಂತ್ರ ನೋಡಿ ಕೊಂಡೆ. ನೋಡಬೇಕಿದ್ದದ್ದು ಬ್ಯಾಟರಿಯನ್ನು. ಡ್ರಿಲ್ ಕೆಟ್ಟರೆ ಇನ್ನೊಂದು ಡ್ರಿಲ್ ತರಬಹುದು. ಬ್ಯಾಟರಿ, ಚಾರ್ಜರ್ ಒಮ್ಮೆ ಒಂದು ಕಂಪನಿಯವು ಮನೆಗೆ ಬಂದರೆ ಮುಂದಿನ ಹತ್ತು ವರ್ಷ ಆ ಮನೆತನದ ಜೊತೆಗೇ ನೆಂಟಸ್ತನ. ಗ್ರೈಂಡರ್ ಬೇಕಾದರೂ, ಗರಗಸ ಬೇಕಾದರೂ, ಲೈಟ್ ಬೇಕಾದರೂ ಅವರ ಬಾಗಿಲಿಗೇ ಹೋಗಬೇಕು. ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಬ್ಯಾಟರಿ ಬಗ್ಗೆಯೇ ಇದೆ. ಯಂತ್ರಗಳ ಸುದ್ದಿ ನಡುವೆ ಬರುತ್ತದೆ. ಕೊನೆಗೆ, ಇವುಗಳನ್ನು ಬಿಚ್ಚಿ ಬದಲಾಯಿಸುವ ಚಟ ಇರುವವರಿಗೆ ಒಂದಿಷ್ಟು ಮಾತು. ಆ ಚಟ ನನಗೂ ಇದೆ.

18, 20, 21: ಮೂರೂ ಒಂದೇ

ಬ್ಯಾಟರಿಯ ಪ್ಲಾಸ್ಟಿಕ್ ಡಬ್ಬಿ ಬಿಚ್ಚಿದರೆ ಒಳಗೆ ಇರುವುದು ಟಾರ್ಚ್ ಸೆಲ್‌ನಂಥ ಉರುಳೆಗಳು. ಹೆಚ್ಚಾಗಿ 18650 ಎಂಬ ಅಳತೆಯವು. ಅಂದರೆ 18 ಮಿಮೀ ದಪ್ಪ, 65 ಮಿಮೀ ಉದ್ದ. ದೊಡ್ಡ ಪ್ಯಾಕ್‌ಗಳಲ್ಲಿ 21700 ಬರುತ್ತವೆ, 21 ಮಿಮೀ ದಪ್ಪ, 70 ಮಿಮೀ ಉದ್ದ. ಒಂದು ಲಿಥಿಯಂ ಅಯಾನ್ ಸೆಲ್‌ನ ಸರಾಸರಿ ವೋಲ್ಟೇಜ್ 3.6. ಪೂರ್ತಿ ಚಾರ್ಜ್ ಆದಾಗ ಸುಮಾರು 4.2. ಇಂಥ ಐದು ಸೆಲ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಸರಾಸರಿ 18 ವೋಲ್ಟ್. ಚಾರ್ಜರ್‌ನಿಂದ ತೆಗೆದ ಕ್ಷಣದಲ್ಲಿ 21.

ಈಗ ಡಬ್ಬಿಯ ಮೇಲೆ ಏನು ಬರೆಯಬೇಕು ಅನ್ನುವುದು ಕಂಪನಿಯ ಇಷ್ಟ. ಒಬ್ಬರು 18 ಅಂತಾರೆ. ಇನ್ನೊಬ್ಬರು '20 ವೋಲ್ಟ್ ಮ್ಯಾಕ್ಸ್' ಅಂತಾರೆ. ಮತ್ತೊಬ್ಬರು 21 ಎಂದೇ ಬರೆಯುತ್ತಾರೆ. ಒಳಗೆ ಅದೇ ಐದು ಸೆಲ್ ಸಾಲು. 20 ಎಂದು ಬರೆದದ್ದು 18ಕ್ಕಿಂತ ಜೋರು ಅಂತ ತಿಳಿದು ಜಾಸ್ತಿ ದುಡ್ಡು ಕೊಡುವವರು ಇದ್ದಾರೆ, ಪಾಪ. '12 ವೋಲ್ಟ್ ಮ್ಯಾಕ್ಸ್' ಕೂಡ ಹೀಗೇ, ಒಳಗೆ ಮೂರು ಸೆಲ್, ಸರಾಸರಿ 10.8. '40 ವೋಲ್ಟ್ ಮ್ಯಾಕ್ಸ್' ಅಂದರೆ ಹತ್ತು ಸೆಲ್, 36 ವೋಲ್ಟ್. ಇನ್ನು ಹೆಸರಿಲ್ಲದ ಅಗ್ಗದ ಯಂತ್ರಗಳ ಮೇಲೆ 48ವಿಎಫ್, 88ವಿಎಫ್ ಎಂದೆಲ್ಲ ದಪ್ಪ ಅಕ್ಷರದಲ್ಲಿ ಇರುತ್ತದೆ. ಅಂಥದ್ದನ್ನು ಬಿಚ್ಚಿ ನೋಡಿದ್ದೇನೆ. ಒಳಗೆ ಐದೇ ಸೆಲ್. ಆ ಅಂಕಿ ಬರೀ ಅಲಂಕಾರ.

ಎರಡನೆಯ ಅಂಕಿ ಎಎಚ್, ಆಂಪಿಯರ್ ಅವರ್. ಬ್ಯಾಟರಿಯಲ್ಲಿ ಎಷ್ಟು ತುಂಬಿದೆ ಅನ್ನುವ ಲೆಕ್ಕ ಅದು. ನಿಜವಾಗಿ ಹೋಲಿಸಬೇಕಾದದ್ದು ವೋಲ್ಟ್ ಮತ್ತು ಎಎಚ್ ಗುಣಿಸಿದರೆ ಬರುವ ವ್ಯಾಟ್ ಅವರ್. 18 ವೋಲ್ಟ್, 5 ಎಎಚ್ ಅಂದರೆ 90 ವ್ಯಾಟ್ ಅವರ್. 36 ವೋಲ್ಟ್, 2.5 ಎಎಚ್ ಅಂದರೂ 90. ಎರಡರಲ್ಲೂ ಹತ್ತು ಸೆಲ್, ಒಂದೇ ತೂಕ, ಒಂದೇ ದುಡಿಮೆ. ಜೋಡಣೆ ಮಾತ್ರ ಬೇರೆ.

ಇದಕ್ಕೆ ಚೆಂದದ ಉದಾಹರಣೆ 2016ರಲ್ಲಿ ಡಿವಾಲ್ಟ್ ಕಂಪನಿ ತಂದ ಫ್ಲೆಕ್ಸ್‌ವೋಲ್ಟ್ ಎಂಬ ಬ್ಯಾಟರಿ. ಅದರಲ್ಲಿ 15 ಸೆಲ್, ಐದೈದರ ಮೂರು ಗುಂಪು. ಸಣ್ಣ ಡ್ರಿಲ್‌ಗೆ ಸಿಕ್ಕಿಸಿದರೆ ಮೂರು ಗುಂಪೂ ಪಕ್ಕಪಕ್ಕ ನಿಂತು 18 ವೋಲ್ಟ್ ಕೊಡುತ್ತವೆ. ದೊಡ್ಡ ಗರಗಸಕ್ಕೆ ಸಿಕ್ಕಿಸಿದರೆ ಒಂದರ ಹಿಂದೆ ಒಂದು ನಿಂತು 54 ಕೊಡುತ್ತವೆ. ಒಳಗಿರುವ ಶಕ್ತಿ ಎರಡು ಸಲವೂ ಅಷ್ಟೇ. ಹಾಗಾದರೆ ವೋಲ್ಟ್ ಏರಿಸಿ ಏನು ಸಿಕ್ಕಿತು? ಅದೇ ಕೆಲಸಕ್ಕೆ ಕರೆಂಟು ಮೂರನೇ ಒಂದು ಭಾಗ ಸಾಕಾಗುತ್ತದೆ. ಕರೆಂಟು ಇಳಿದಷ್ಟೂ ತಂತಿ, ಸ್ವಿಚ್, ಮೋಟರ್ ಕಡಿಮೆ ಬಿಸಿಯಾಗುತ್ತವೆ.

ದೊಡ್ಡ ಬ್ಯಾಟರಿ ಹಾಕಿದರೆ ಡ್ರಿಲ್ ಯಾಕೆ ಜೋರಾಗುತ್ತದೆ

ಇದು ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

2 ಎಎಚ್ ಪ್ಯಾಕ್‌ನಲ್ಲಿ ಐದು ಸೆಲ್ ಒಂದೇ ಸಾಲು. 4 ಅಥವಾ 5 ಎಎಚ್ ಪ್ಯಾಕ್‌ನಲ್ಲಿ ಸಾಮಾನ್ಯವಾಗಿ ಎರಡು ಸಾಲು, ಒಟ್ಟು ಹತ್ತು ಸೆಲ್. ಎರಡೂ 18 ವೋಲ್ಟೇ. ಆದರೂ ಅದೇ ಡ್ರಿಲ್‌ಗೆ ದೊಡ್ಡ ಪ್ಯಾಕ್ ಹಾಕಿ ದಪ್ಪ ಸ್ಕ್ರೂ ಇಳಿಸಿ ನೋಡಿ, ಯಂತ್ರವೇ ಬದಲಾದ ಹಾಗೆ ಅನಿಸುತ್ತದೆ.

ಪ್ರತಿ ಸೆಲ್‌ಗೂ ಒಳಗೆ ಒಂದಿಷ್ಟು ತಡೆ ಇರುತ್ತದೆ. ಒಂದು ಸೆಲ್‌ನ ತಡೆ 20 ಮಿಲಿಓಮ್ ಅಂತ ಇಟ್ಟುಕೊಳ್ಳಿ. ಐದು ಸೆಲ್ ಸಾಲಿಗೆ 100 ಮಿಲಿಓಮ್, ಅಂದರೆ 0.1 ಓಮ್. ಗಟ್ಟಿ ಕೆಲಸದಲ್ಲಿ ಡ್ರಿಲ್ 25 ಆಂಪಿಯರ್ ಎಳೆಯಿತು ಅಂದರೆ 2.5 ವೋಲ್ಟ್ ಬ್ಯಾಟರಿಯ ಒಳಗೇ ಕಳೆದುಹೋಯಿತು. ಆ ಹೊತ್ತಿಗೆ ಒಳಗೆ 62 ವ್ಯಾಟ್‌ಗೂ ಜಾಸ್ತಿ ಬಿಸಿ ಹುಟ್ಟುತ್ತಿರುತ್ತದೆ. ಹಳೇ ಕಾಲದ 60 ವ್ಯಾಟ್ ಬಲ್ಬು ಉರಿಸಿ ಅಂಗೈ ಮೇಲೆ ಇಟ್ಟುಕೊಂಡ ಹಾಗೆ. ಎರಡು ಸಾಲು ಇದ್ದರೆ ತಡೆ ಅರ್ಧ. ಕಳೆದುಹೋಗುವುದು 1.25 ವೋಲ್ಟ್, ಬಿಸಿ ಸುಮಾರು 31 ವ್ಯಾಟ್, ಅದೂ ಹತ್ತು ಸೆಲ್‌ಗೆ ಹಂಚಿಹೋಗುತ್ತದೆ.

ಅದಕ್ಕೇ ಗ್ರೈಂಡರ್, ಗರಗಸ, ರೋಟರಿ ಹ್ಯಾಮರ್‌ಗಳಿಗೆ ಒಂದೇ ಸಾಲಿನ ಸಣ್ಣ ಪ್ಯಾಕ್ ಹಾಕಬಾರದು. ಓಡುತ್ತದೆ, ಹೌದು. ಐದು ನಿಮಿಷಕ್ಕೆ ಕೈ ಸುಡುವಷ್ಟು ಬಿಸಿಯಾಗಿ ನಿಲ್ಲುತ್ತದೆ. ಹೀಗೆ ದಿನವೂ ಬೇಯಿಸಿದರೆ ಬ್ಯಾಟರಿಯ ಆಯುಸ್ಸು ಬೇಗ ತೀರುತ್ತದೆ. ಅದೇ ಸಣ್ಣ ಪ್ಯಾಕ್ ಡ್ರಿಲ್‌ಗೆ ಮಾತ್ರ ಮುತ್ತಿನಂಥದ್ದು. ಏಣಿಯ ಮೇಲೆ ನಿಂತು ತಲೆಯ ಮೇಲೆ ಕೈ ಎತ್ತಿ ಕೊರೆಯುವಾಗ ಕಾಲು ಕಿಲೋ ಕಡಿಮೆ ಇದ್ದರೂ ಭುಜಕ್ಕೆ ಗೊತ್ತಾಗುತ್ತದೆ. ವೃತ್ತಿಯವರು ಎರಡು ದೊಡ್ಡದು, ಎರಡು ಸಣ್ಣದು ಇಟ್ಟುಕೊಳ್ಳುವುದು ಇದಕ್ಕೇ.

ಈಚೆಗೆ 'ಟ್ಯಾಬ್‌ಲೆಸ್' ಸೆಲ್ ಎಂಬ ಮಾತು ಕೇಳಿರಬಹುದು. ಮಾಮೂಲಿ ಸೆಲ್‌ನೊಳಗೆ ಸುತ್ತಿಟ್ಟ ಹಾಳೆಯಿಂದ ಕರೆಂಟು ಒಂದೆರಡು ಕಿರಿದಾದ ಪಟ್ಟಿಗಳ ಮೂಲಕ ಹೊರಬರಬೇಕು. ಟ್ಯಾಬ್‌ಲೆಸ್‌ನಲ್ಲಿ ಹಾಳೆಯ ಇಡೀ ಅಂಚೇ ಬಾಗಿಲು. ತಡೆ ಕಡಿಮೆ, ಬಿಸಿ ಕಡಿಮೆ. ಇದು ಬರೀ ಜಾಹೀರಾತಿನ ಮಾತಲ್ಲ, ನಿಜಕ್ಕೂ ಕೆಲಸಕ್ಕೆ ಬರುವ ಬದಲಾವಣೆ. ಮನೆಯಲ್ಲಿ ತಿಂಗಳಿಗೆ ನಾಲ್ಕು ಸ್ಕ್ರೂ ಹಾಕುವವರಿಗೆ ಅದರ ಅಗತ್ಯ ಇಲ್ಲ.

ಯಾವ ಮನೆತನ?

ಬೇಕಾದ ಯಂತ್ರಗಳ ಪಟ್ಟಿಯನ್ನು ಮೊದಲೇ ಹಾಕಿಕೊಳ್ಳಿ. ಇವತ್ತಿಗೆ ಬೇಕಾದದ್ದಷ್ಟೇ ಅಲ್ಲ, ಮೂರು ವರ್ಷಕ್ಕೆ ಬೇಕಾಗಬಹುದಾದದ್ದು. ಆ ಎಲ್ಲವೂ ಒಂದೇ ಬ್ಯಾಟರಿಗೆ ಸಿಗುವ ಕಡೆ ಹೋಗಿ. ಆಮೇಲೆ ನೋಡಬೇಕಾದದ್ದು ಬ್ಯಾಟರಿ ಇಲ್ಲದ 'ಬಾಡಿ ಮಾತ್ರ' ಸಿಗುತ್ತದಾ ಅನ್ನುವುದು. ಅದು ಸಿಗದಿದ್ದರೆ ಪ್ರತಿ ಯಂತ್ರದ ಜೊತೆಗೂ ಒಂದೊಂದು ಚಾರ್ಜರ್ ಮನೆಗೆ ಬರುತ್ತದೆ. ನನ್ನ ಕಪಾಟಿನ ಹಾಗೆ.

ಒಂದೇ ಕಂಪನಿ ಅಂದಾಕ್ಷಣ ಒಂದೇ ಬ್ಯಾಟರಿ ಅಂತಲೂ ಅಲ್ಲ. ಬಾಷ್‌ನ ವೃತ್ತಿಪರರ ನೀಲಿ 18 ವೋಲ್ಟ್ ಮತ್ತು ಮನೆಬಳಕೆಯ ಹಸಿರು 18 ವೋಲ್ಟ್ ಒಂದಕ್ಕೊಂದು ಕೂರುವುದಿಲ್ಲ. ಮಕಿಟಾದ 18 ವೋಲ್ಟ್ ಎಲ್‌ಎಕ್ಸ್‌ಟಿ ಬೇರೆ, 40 ವೋಲ್ಟ್ ಮ್ಯಾಕ್ಸ್ ಎಕ್ಸ್‌ಜಿಟಿ ಬೇರೆ. ಮಿಲ್ವಾಕಿಯ ಎಂ12, ಎಂ18 ಎರಡು ಬೇರೆ ಬೇರೆ ಸಂಸಾರ. ಇನ್ನೊಂದು ಕಡೆ, ಕೆಲವು ಕಂಪನಿಗಳು ಒಟ್ಟು ಸೇರಿ ಒಂದೇ ಬ್ಯಾಟರಿ ಹಂಚಿಕೊಳ್ಳುವುದೂ ಶುರುವಾಗಿದೆ. 2018ರಲ್ಲಿ ಮೆಟಾಬೊ ಮುಂದಾಳತ್ವದಲ್ಲಿ ಬಂದ ಕಾರ್ಡ್‌ಲೆಸ್ ಅಲಯನ್ಸ್ ಸಿಸ್ಟಮ್, ಬಾಷ್ ಮುಂದಾಳತ್ವದ ಆಂಪ್‌ಶೇರ್ ಈ ಬಗೆಯವು. ಪೈಪ್ ಕೆಲಸ, ಟೈಲ್ಸ್ ಕೆಲಸದಂಥ ವಿಶೇಷ ಯಂತ್ರ ಬೇಕಾದವರಿಗೆ ಇದು ದೊಡ್ಡ ಅನುಕೂಲ.

ಚಾರ್ಜರ್ ಬಗ್ಗೆ ಯಾರೂ ಕೇಳುವುದೇ ಇಲ್ಲ. 5 ಎಎಚ್ ಬ್ಯಾಟರಿಗೆ 2 ಆಂಪಿಯರ್ ಚಾರ್ಜರ್ ಅಂದರೆ ಎರಡೂವರೆ ಗಂಟೆಗಿಂತ ಜಾಸ್ತಿ. ಕೊನೆಯ ಹಂತದಲ್ಲಿ ಚಾರ್ಜರ್ ತಾನೇ ನಿಧಾನ ಆಗುವುದರಿಂದ ಬರೀ ಭಾಗಾಕಾರ ಮಾಡಿದರೆ ಸಾಲದು. ಮನೆಗೆ ಇದು ಸಾಕು. ಸೈಟಿನಲ್ಲಿ ದಿನವಿಡೀ ಕೆಲಸ ಮಾಡುವವರಿಗೆ ಸಾಲದು. ಅವರಿಗೆ ಮೂರನೇ ಬ್ಯಾಟರಿಗಿಂತ ಫ್ಯಾನ್ ಇರುವ ವೇಗದ ಚಾರ್ಜರ್ ಒಳ್ಳೆಯ ಖರ್ಚು. ಇನ್ನೊಂದು ಮಾತು. ನಿಮ್ಮ ಊರಲ್ಲಿ, ಅದು ಯಾವ ಊರಾದರೂ ಸರಿ, ಯಾವ ಕಂಪನಿಯ ಸ್ವಿಚ್, ಕಾರ್ಬನ್ ಬ್ರಷ್, ಬಿಟ್ಟನ್ನು ಕಚ್ಚಿ ಹಿಡಿಯುವ ಚಕ್ ಬಿಡಿಯಾಗಿ ಸಿಗುತ್ತವೆ ಅಂತ ಕೇಳಿ ನೋಡಿ. ದುಡಿಮೆಗೆ ಕೊಳ್ಳುವವರಿಗೆ ಟಾರ್ಕ್, ಅಂದರೆ ತಿರುಚುವ ಬಲದ ಅಂಕಿಗಿಂತ ಇದೇ ಮುಖ್ಯ.

ಯಂತ್ರಗಳ ಕಡೆಗೆ

ಮೊದಲು ಬ್ರಷ್‌ಲೆಸ್ ಅಂದರೇನು ನೋಡೋಣ. ಹಳೇ ಬಗೆಯ ಮೋಟರ್‌ನಲ್ಲಿ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸಲು ಎರಡು ಕಾರ್ಬನ್ ತುಂಡುಗಳು ಸದಾ ಉಜ್ಜುತ್ತಿರುತ್ತವೆ, ಅವೇ ಬ್ರಷ್. ಗಾಳಿಕಿಂಡಿಯಲ್ಲಿ ಕಾಣುವ ನೀಲಿ ಕಿಡಿ ಅದರದ್ದೇ. ಬ್ರಷ್‌ಲೆಸ್‌ನಲ್ಲಿ ಸುರುಳಿಗಳು ಅಲ್ಲಾಡುವುದಿಲ್ಲ, ಅಯಸ್ಕಾಂತ ತಿರುಗುತ್ತದೆ. ಯಾವ ಸುರುಳಿಗೆ ಯಾವಾಗ ಕರೆಂಟು ಅನ್ನುವುದನ್ನು ಎಲೆಕ್ಟ್ರಾನಿಕ್ ಬೋರ್ಡು ನಿರ್ಧರಿಸುತ್ತದೆ. ಉಜ್ಜಾಟ ಇಲ್ಲ, ಬಿಸಿ ಕಡಿಮೆ, ಅದೇ ಬ್ಯಾಟರಿಯಲ್ಲಿ ಹೆಚ್ಚು ಕೆಲಸ. ಆದರೆ ಬೋರ್ಡು ಸುಟ್ಟರೆ ರಿಪೇರಿ ದುಬಾರಿ. ಬ್ರಷ್ ಸವೆದರೆ ಹತ್ತು ನಿಮಿಷದಲ್ಲಿ ನೀವೇ ಬದಲಾಯಿಸಬಹುದು. ಅಪರೂಪಕ್ಕೆ ಡ್ರಿಲ್ ಮುಟ್ಟುವವರಿಗೆ ಬ್ರಷ್ ಇರುವುದೂ ಸಾಕು. ದಿನವೂ ದುಡಿಯುವ ಗ್ರೈಂಡರ್, ಗರಗಸಕ್ಕೆ ಬ್ರಷ್‌ಲೆಸ್ಸೇ ಬೇಕು.

ಡ್ರಿಲ್ ಡ್ರೈವರ್ ಮತ್ತು ಇಂಪ್ಯಾಕ್ಟ್ ಡ್ರೈವರ್ ನೋಡಲು ಅಣ್ಣತಮ್ಮಂದಿರ ಹಾಗೆ. ಸ್ವಭಾವ ಪೂರ್ತಿ ಬೇರೆ. ಡ್ರಿಲ್ ಒಂದೇ ಸಮನೆ ತಿರುಚುತ್ತದೆ. ಅದು ತಿರುಚುವಷ್ಟನ್ನೂ ನಿಮ್ಮ ಮಣಿಕಟ್ಟು ಎದುರಿನಿಂದ ತಡೆಯಬೇಕು. ಇಂಪ್ಯಾಕ್ಟ್‌ನಲ್ಲಿ ಒಂದು ಸಣ್ಣ ಸುತ್ತಿಗೆ ನಿಮಿಷಕ್ಕೆ ಮೂರು ಸಾವಿರ ಸಲದ ಹತ್ತಿರ ತಿರುಗುವ ದಿಕ್ಕಿನಲ್ಲೇ ಹೊಡೆಯುತ್ತದೆ. ಹೊಡೆತ ಕ್ಷಣಿಕ, ಹಾಗಾಗಿ ಕೈ ತಿರುಚಿಕೊಳ್ಳುವುದಿಲ್ಲ. ಉದ್ದ ಸ್ಕ್ರೂ, ತುಕ್ಕು ಹಿಡಿದ ಬೋಲ್ಟಿಗೆ ಇದೇ ರಾಜ. ಕಪಾಟಿನ ಹಿಂಜ್‌ನ ಪುಟಾಣಿ ಸ್ಕ್ರೂಗೆ ಮಾತ್ರ ತರಬೇಡಿ, ತಲೆ ಕಿತ್ತುಹೋಗುತ್ತದೆ, ಇಲ್ಲವೇ ಪ್ಲೈವುಡ್ ಒಳಗೆ ಮರ ಪುಡಿಯಾಗಿ ಸ್ಕ್ರೂ ಸುಮ್ನೆ ಸುತ್ತುತ್ತದೆ. ಅಲ್ಲಿ ಬೇಕಾದದ್ದು ಡ್ರಿಲ್‌ನ ಕ್ಲಚ್, ಇಟ್ಟ ಮಿತಿ ಮುಟ್ಟಿದ ಮೇಲೆ ತಿರುಚುವುದನ್ನು ಬಿಟ್ಟುಕೊಡುವ ಭಾಗ. ಚಕ್‌ನ ಹಿಂದಿನ ಆ ಅಂಕಿಗಳ ಉಂಗುರವನ್ನು ಕೊಂಡ ದಿನದಿಂದ ಮುಟ್ಟದವರನ್ನು ಬೇಕಾದಷ್ಟು ನೋಡಿದ್ದೇನೆ. ಸಣ್ಣ ಅಂಕಿಯಿಂದ ಶುರು ಮಾಡಿ, 'ಕಟಕಟ' ಅಂದಾಗ ಸ್ಕ್ರೂ ಸಮನಾಗಿ ಕೂತಿಲ್ಲದಿದ್ದರೆ ಒಂದೊಂದೇ ಏರಿಸುತ್ತಾ ಹೋಗಿ.

ಗೋಡೆಯ ವಿಷಯ. ಹ್ಯಾಮರ್ ಡ್ರಿಲ್‌ನಲ್ಲಿ ಹಲ್ಲಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಹಾರಿ ಬಿದ್ದು ಬಿಟ್ಟನ್ನು ಅದುರಿಸುತ್ತವೆ. ಹೊಡೆತಗಳು ಲೆಕ್ಕವಿಲ್ಲದಷ್ಟು, ಒಂದೊಂದೂ ತೀರಾ ಸಣ್ಣದು. ಒತ್ತಿ ಹಿಡಿದಷ್ಟೇ ಕೆಲಸ. ಇಟ್ಟಿಗೆಗೆ ಸಾಕು. ಕಾಂಕ್ರೀಟ್ ಕಂಬಕ್ಕೆ ತಗುಲಿಸಿದರೆ ಬೆವರು ಬರುತ್ತದೆ, ತೂತು ಬರುವುದಿಲ್ಲ. ರೋಟರಿ ಹ್ಯಾಮರ್‌ನಲ್ಲಿ ಪಿಸ್ಟನ್ ಗಾಳಿಯನ್ನು ಒತ್ತಿ, ಆ ಗಾಳಿ ಒಂದು ತುಂಡು ಲೋಹವನ್ನು ಬಿಟ್ಟಿನ ಹಿಂಭಾಗಕ್ಕೆ ಬಡಿಯುತ್ತದೆ. ಒಂದು ಹೊಡೆತ ಒಂದರಿಂದ ಮೂರು ಜೂಲ್. ಬಿಟ್ಟಿನ ಬುಡ 10 ಮಿಮೀ ದಪ್ಪದ, ಎಸ್‌ಡಿಎಸ್ ಪ್ಲಸ್ ಎಂಬ ಬಗೆಯದು. ಇದನ್ನು ಒತ್ತಬಾರದು, ಹಿಡಿದುಕೊಂಡರೆ ಸಾಕು. ಮೊದಲ ಸಲ ಬಳಸಿದವರು 'ಇಷ್ಟು ವರ್ಷ ಸುಮ್ನೆ ಒದ್ದಾಡಿದೆ' ಅಂದೇ ಅನ್ನುತ್ತಾರೆ. ಎಸಿ ಹಾಕುವವರು, ಎಲೆಕ್ಟ್ರಿಷಿಯನ್‌ಗಳು ಕೊಳ್ಳಬೇಕಾದ ಮೊದಲ ದೊಡ್ಡ ಯಂತ್ರ ಇದು.

ಕಾರ್ಡ್ ಇರುವ ಯಂತ್ರವೇ ಗೆಲ್ಲುವ ಜಾಗಗಳೂ ಇವೆ. 230 ಮಿಮೀ ಗ್ರೈಂಡರ್, ದಿನವಿಡೀ ಓಡುವ ಕಟಾಫ್ ಗರಗಸ, ಗಂಟೆಗಟ್ಟಲೆ ಹೀರುವ ವ್ಯಾಕ್ಯೂಮ್. ನಿಲ್ಲಿಸದೆ ಓಡುವ ಯಾವುದೇ ಯಂತ್ರ ಬ್ಯಾಟರಿಯನ್ನು ನೀರು ಕುಡಿದ ಹಾಗೆ ಕುಡಿಯುತ್ತದೆ. ಒಂದೇ ಕಡೆ ನಿಂತು ಮಾಡುವ ಕೆಲಸಕ್ಕೆ ಪಕ್ಕದಲ್ಲೇ ಪ್ಲಗ್ ಇದ್ದರೆ ಕಾರ್ಡ್‌ಲೆಸ್ ಬರೀ ಶೋಕಿ.

ಅಂದ ಹಾಗೆ, ಕಾರ್ಡ್‌ಲೆಸ್ ಡ್ರಿಲ್ ನಾಸಾ ಚಂದ್ರನಿಗಾಗಿ ಕಂಡುಹಿಡಿದದ್ದು ಎಂಬ ಕಥೆ ಓಡಾಡುತ್ತಿರುತ್ತದೆ. ಬ್ಲ್ಯಾಕ್ ಆ್ಯಂಡ್ ಡೆಕರ್ 1961ರಲ್ಲೇ ನಿಕಲ್ ಕ್ಯಾಡ್ಮಿಯಂ ಬ್ಯಾಟರಿಯ ಡ್ರಿಲ್ ತಂದಿತ್ತು. 1971ರಲ್ಲಿ ಅಪೊಲೊ 15ರ ಜೊತೆ ಚಂದ್ರನಿಗೆ ಬ್ಯಾಟರಿ ಡ್ರಿಲ್ ಹೋದದ್ದು ನಿಜ. ಅಲ್ಲೂ ಕೊರೆಯುವ ಕೊಳವೆ ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತ್ತು!

ಬದಲಾಯಿಸುವ ಚಟ

ಮಾರ್ಪಾಡುಗಳನ್ನು ನಾನು ಹೊರಗಿನವು, ಒಳಗಿನವು ಅಂತ ನೋಡುತ್ತೇನೆ. ಹೊರಗಿನವುಗಳಲ್ಲಿ ಅಪಾಯ ಕಡಿಮೆ, ಲಾಭ ಬೇಕಾದಷ್ಟು. ಕಾರ್ಡ್‌ಲೆಸ್ ಗರಗಸಕ್ಕೆ ಸಣ್ಣ ದಪ್ಪದ, ಅಂದರೆ ಸುಮಾರು ಒಂದೂವರೆ ಮಿಮೀ ಸೀಳುವ ಬ್ಲೇಡ್ ಹಾಕಿ ನೋಡಿ. ಮರ ಕಡಿಮೆ ಪುಡಿಯಾಗುತ್ತದೆ, ಅಷ್ಟು ಮಟ್ಟಿಗೆ ಬ್ಯಾಟರಿ ಉಳಿಯುತ್ತದೆ. ಹೊಸ ಬ್ಯಾಟರಿಗಿಂತ ಇದು ಅಗ್ಗದ ದಾರಿ. ಸವೆದ ಬಿಟ್ಟಿನಲ್ಲಿ ಸ್ಕ್ರೂ ತಲೆ ಕೆಡಿಸಿಕೊಂಡು ಡ್ರಿಲ್ಲಿಗೆ ಬಯ್ಯುವುದು ಇನ್ನೊಂದು ಮಾಮೂಲಿ ಕಥೆ. ತಲೆಯ ಮೇಲೆ ಕೊರೆಯುವಾಗ ಬಿಟ್ಟಿಗೆ ಸೀಳಿದ ರಬ್ಬರ್ ಚೆಂಡಿನ ಅರ್ಧ ಬಟ್ಟಲು ಪೋಣಿಸಿದರೆ ಧೂಳು ಕಣ್ಣಿಗೆ ಬೀಳುವುದಿಲ್ಲ. ಸವೆದ ಚಕ್ ಬದಲಾಯಿಸುವುದೂ ಸುಲಭ. ದವಡೆ ಪೂರ್ತಿ ತೆರೆದರೆ ಒಳಗೆ ಒಂದು ಸ್ಕ್ರೂ ಕಾಣುತ್ತದೆ. ಅದು ಸಾಮಾನ್ಯವಾಗಿ ಎಡ ಮರೆಯದು, ಅಂದರೆ ಉಲ್ಟಾ ಥ್ರೆಡ್‌ನದು, ಬಿಚ್ಚಲು ಬಲಕ್ಕೆ ತಿರುಗಿಸಬೇಕು. ಇದು ಗೊತ್ತಿಲ್ಲದೆ ಎಡಕ್ಕೆ ತಿರುಗಿಸಿ ತಲೆ ಕಿತ್ತುಹಾಕಿದವರಲ್ಲಿ ನಾನೂ ಒಬ್ಬ.

ಹೊರಗಿನದರಲ್ಲೂ ಒಂದನ್ನು ಮಾತ್ರ ಮಾಡಲೇಬಾರದು. ಗ್ರೈಂಡರ್‌ನ ಕವಚ ತೆಗೆದು ದೊಡ್ಡ ಡಿಸ್ಕ್ ಹಾಕುವುದು. 100 ಮಿಮೀ ಗ್ರೈಂಡರ್ ಸುಮಾರು 11,000 ಆರ್‌ಪಿಎಂನಲ್ಲಿ ತಿರುಗುತ್ತದೆ. ಸಾಮಾನ್ಯ ಕಟಿಂಗ್ ಡಿಸ್ಕ್‌ನ ಅಂಚು ತಾಳುವ ವೇಗ ಸೆಕೆಂಡಿಗೆ 80 ಮೀಟರ್. 180 ಮಿಮೀ ಡಿಸ್ಕ್‌ಗೆ ಅದು 8,500 ಆರ್‌ಪಿಎಂ ಹತ್ತಿರ ಮುಗಿಯುತ್ತದೆ. ಅದನ್ನು ಸಣ್ಣ ಗ್ರೈಂಡರ್‌ಗೆ ಹಾಕಿದರೆ ಅಂಚಿನ ವೇಗ ಸೆಕೆಂಡಿಗೆ 100 ಮೀಟರ್ ದಾಟುತ್ತದೆ. ಡಿಸ್ಕ್ ಒಡೆದರೆ ಚೂರುಗಳು ಹಾರುವುದೂ ಅದೇ ವೇಗದಲ್ಲಿ. ನಡುವಿನ ಲೋಹದ ಉಂಗುರದ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅವಧಿ ಮುಗಿದ ಡಿಸ್ಕ್‌ನ ಅಂಟು ಸಡಿಲವಾಗಿರಬಹುದು, ಎಸೆದುಬಿಡಿ. ಮರ ಕೊಯ್ಯುವ ಹಲ್ಲಿನ ಬ್ಲೇಡನ್ನು ಗ್ರೈಂಡರ್‌ಗೆ ಹಾಕುವವರಿಗೆ ಏನು ಹೇಳಲಿ? ಬೆರಳು ಎಣಿಸಿಟ್ಟುಕೊಳ್ಳಿ.

ಒಳಗಿನ ಮಾರ್ಪಾಡು ಅಂದರೆ ಬ್ಯಾಟರಿಯ ವ್ಯವಹಾರ. ಇದರಲ್ಲಿ ಹೆಚ್ಚು ಓಡುವುದು ಅಡಾಪ್ಟರ್, ಒಂದು ಕಂಪನಿಯ ಬ್ಯಾಟರಿಯನ್ನು ಇನ್ನೊಂದರ ಯಂತ್ರಕ್ಕೆ ಕೂರಿಸುವ ಪ್ಲಾಸ್ಟಿಕ್ ತುಂಡು. ವೋಲ್ಟ್ ಒಂದೇ ಇದ್ದ ಮೇಲೆ ತೊಂದರೆ ಏನು ಅನಿಸುತ್ತದೆ, ಅಲ್ವಾ? ಬ್ಯಾಟರಿಯ ಬಾಯಲ್ಲಿ ಪ್ಲಸ್, ಮೈನಸ್ ಜೊತೆಗೆ ಇನ್ನೂ ಒಂದೆರಡು ಸಣ್ಣ ಪಿನ್ ಇರುತ್ತವೆ. ಒಳಗೆ ಎಷ್ಟು ಬಿಸಿ, ಯಾವ ಸೆಲ್ ಬರಿದಾಗಿದೆ ಎಂಬ ಸುದ್ದಿ ಹೋಗುವುದು ಅವುಗಳಲ್ಲೇ. ಕೆಲವು ಕಂಪನಿಗಳು 'ಸಾಕು, ನಿಲ್ಲಿಸು' ಎಂಬ ತೀರ್ಮಾನವನ್ನು ಬ್ಯಾಟರಿಯೊಳಗೇ ಇಟ್ಟಿವೆ. ಕೆಲವು ಯಂತ್ರದೊಳಗೆ ಇಟ್ಟಿವೆ. ಅಗ್ಗದ ಅಡಾಪ್ಟರ್ ದಾಟಿಸುವುದು ಪ್ಲಸ್ ಮೈನಸ್ ಎರಡನ್ನೇ. ಎರಡನೇ ಬಗೆಯ ಬ್ಯಾಟರಿಯನ್ನು ಮೊದಲ ಬಗೆಯ ಯಂತ್ರಕ್ಕೆ ಹಾಕಿದರೆ ನಿಲ್ಲಿಸುವವರೇ ಯಾರೂ ಇಲ್ಲ. ಡ್ರಿಲ್ ನಿಧಾನ ಆಗುತ್ತದೆ, ನೀವು 'ಇದೊಂದು ಸ್ಕ್ರೂ' ಅಂತ ಒತ್ತುತ್ತೀರಿ, ಸೆಲ್ 2 ವೋಲ್ಟ್‌ಗಿಂತ ಕೆಳಗೆ ಜಾರುತ್ತದೆ. ಅಷ್ಟು ಬರಿದಾದ ಸೆಲ್‌ನೊಳಗೆ ತಾಮ್ರದ ಹಾಳೆ ಕರಗತೊಡಗುತ್ತದೆ. ಮುಂದಿನ ಸಲ ಚಾರ್ಜ್ ಮಾಡಿದಾಗ ಅದೇ ತಾಮ್ರ ಬೇಡದ ಜಾಗದಲ್ಲಿ ಕೂತು ಒಳಗೇ ಶಾರ್ಟ್ ಆಗಬಹುದು. ಅದಕ್ಕೇ ಸತ್ತ ಪ್ಯಾಕನ್ನು ಇನ್ನೊಂದು ಬ್ಯಾಟರಿಯಿಂದ 'ಕಿಕ್' ಕೊಟ್ಟು ಎಬ್ಬಿಸುವ ಉಪಾಯ ನನಗೆ ಇಷ್ಟವಿಲ್ಲ.

ಅಡಾಪ್ಟರ್ ಬೇಕೇ ಬೇಕು ಅನ್ನುವವರು ಕಡಿಮೆ ವೋಲ್ಟ್‌ಗೆ ತಾನೇ ಕಡಿದುಕೊಳ್ಳುವ ಬೋರ್ಡ್ ಇರುವುದನ್ನೇ ತನ್ನಿ. ಇಲ್ಲವೇ ಮಲ್ಟಿಮೀಟರ್ ಪಕ್ಕದಲ್ಲಿಟ್ಟುಕೊಂಡು, ಐದು ಸೆಲ್ ಪ್ಯಾಕ್ 15 ವೋಲ್ಟ್‌ಗೆ ಬಂದಾಗ ತೆಗೆದುಬಿಡಿ. ಕೆಲಸ ಮುಗಿದ ಮೇಲೆ ಅಡಾಪ್ಟರ್‌ನಲ್ಲೇ ಬಿಡಬೇಡಿ.

ನಕಲಿ ಬ್ಯಾಟರಿ ಹಿಡಿಯಲು ತಕ್ಕಡಿ ಸಾಕು. ಒಂದು ಒಳ್ಳೆಯ 18650 ಸೆಲ್ ಸುಮಾರು 45 ಗ್ರಾಂ ತೂಗುತ್ತದೆ. ಹತ್ತು ಸೆಲ್‌ಗೆ 450 ಗ್ರಾಂ, ಡಬ್ಬಿ ಸೇರಿ ಅರ್ಧ ಕಿಲೋ ದಾಟಲೇಬೇಕು. '6 ಎಎಚ್' ಎಂದು ಬರೆದದ್ದು 350 ಗ್ರಾಂ ತೂಗಿದರೆ ಒಳಗೆ ಐದೇ ಸೆಲ್ ಇವೆ. ಬಿಡಿ ಸೆಲ್‌ಗಳಲ್ಲೂ ಇದೇ ಆಟ. 18650 ಅಳತೆಯಲ್ಲಿ ಒಳ್ಳೊಳ್ಳೆಯ ಸೆಲ್‌ಗಳೇ 3,500 ಎಂಎಎಚ್, ಅಂದರೆ 3.5 ಎಎಚ್ ಆಸುಪಾಸಿಗೆ ನಿಲ್ಲುತ್ತವೆ. 9,900 ಎಂದು ಬರೆದದ್ದು ಹಸೀ ಸುಳ್ಳು.

ನನ್ನ ಹಳೇ ಡ್ರಿಲ್

ನನ್ನ ಹತ್ತಿರ ಒಂದು ನಿಕಲ್ ಕ್ಯಾಡ್ಮಿಯಂ ಕಾಲದ 12 ವೋಲ್ಟ್ ಡ್ರಿಲ್ ಇತ್ತು. ಗೇರು, ಚಕ್ ಇನ್ನೂ ಬಿಗಿಯಾಗಿದ್ದವು, ಬ್ಯಾಟರಿ ಸತ್ತಿತ್ತು. ಒಳಗೆ 1.2 ವೋಲ್ಟ್‌ನ ಹತ್ತು ಸೆಲ್. ಆ ಜಾಗಕ್ಕೆ ಲಿಥಿಯಂ ಸೆಲ್ ಮೂರು ಸಾಕು, ತುಂಬಿದಾಗ 12.6. ಇದೇ ಲೆಕ್ಕದಲ್ಲಿ 14.4ಕ್ಕೆ ನಾಲ್ಕು, 18ಕ್ಕೆ ಐದು ಸರಿಹೋಗುತ್ತವೆ. 9.6 ವೋಲ್ಟ್‌ನದ್ದು ಮಾತ್ರ ತ್ರಿಶಂಕು, ಎರಡು ಹಾಕಿದರೆ ಸಾಲದು, ಮೂರು ಹಾಕಿದರೆ ಜಾಸ್ತಿ.

ನಾನು ಎರಡು ಸಾಲು ಮಾಡಿ ಆರು ಸೆಲ್ ಹಾಕಿದೆ. ಅವುಗಳನ್ನು ಕಾಯುವುದಕ್ಕೆ '40 ಆಂಪಿಯರ್' ಎಂದು ಬರೆದ ಒಂದು ಬಿಎಂಎಸ್ (ಬ್ಯಾಟರಿ ಮ್ಯಾನೇಜ್‌ಮೆಂಟ್ ಸಿಸ್ಟಮ್) ಬೋರ್ಡು, ಬೆರಳುಗುರು ಎರಡರಷ್ಟು ಅಗಲ. ಟ್ರಿಗರ್ ಒತ್ತಿದೆ. 'ಟಿಕ್' ಅಂತು, ನಿಂತಿತು. ಮತ್ತೆ ಒತ್ತಿದೆ. ಟಿಕ್. ನಿಂತ ಮೋಟರ್ ಹೊರಡುವಾಗ ಕ್ಷಣಮಾತ್ರ ಎಳೆಯುವ ಕರೆಂಟು ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು. ಆ ಬೋರ್ಡು ಅದನ್ನು ಶಾರ್ಟ್ ಎಂದು ತಿಳಿದು ಕಡಿದುಹಾಕುತ್ತಿತ್ತು. ಡ್ರಿಲ್‌ಗೆಂದೇ ಮಾಡಿದ ದಪ್ಪ ಬೋರ್ಡು, ಸೆಲ್‌ಗಳನ್ನು ಸಮ ಮಾಡುವ ಬ್ಯಾಲೆನ್ಸ್ ಇರುವುದು, ತಂದ ಮೇಲೆ ಓಡಿತು.

ಓಡಿತು, ಆಮೇಲೆ ವಾಸನೆ ಬಂತು. ಬಿಸಿ ಪ್ಲಾಸ್ಟಿಕ್ ವಾಸನೆ. ಬಿಚ್ಚಿ ನೋಡಿದರೆ ಸೆಲ್‌ಗಳನ್ನು ಜೋಡಿಸಿದ ಪಟ್ಟಿಯ ಪಕ್ಕದ ಹೊದಿಕೆ ಕಂದಾಗಿತ್ತು. 'ಶುದ್ಧ ನಿಕಲ್' ಎಂದು ಕೊಂಡ ಪಟ್ಟಿ ಅದು. ಒಂದು ತುಂಡು ಕತ್ತರಿಸಿ, ಮೊಳೆಯಿಂದ ಗೀರಿ, ಉಪ್ಪು ನೀರಿನಲ್ಲಿ ಹಾಕಿಟ್ಟೆ. ಬೆಳಗ್ಗೆ ಗೀರಿನ ಉದ್ದಕ್ಕೂ ಕೆಂಪು ತುಕ್ಕು. ಬರೀ ಕಬ್ಬಿಣ, ಮೇಲೆ ನಿಕಲ್ ಬಣ್ಣ. ಕಬ್ಬಿಣದ ತಡೆ ಜಾಸ್ತಿ, ಹಾಗಾಗಿ ಪಟ್ಟಿ ಒಲೆಯ ಕಾಯಿಲ್ ಆಗಿತ್ತು. ನಿಜವಾದ ನಿಕಲ್ ಪಟ್ಟಿಯನ್ನು ಎರಡು ಪದರ ಮಾಡಿ, ಸ್ಪಾಟ್ ವೆಲ್ಡರ್‌ನಿಂದ ಮತ್ತೆ ಜೋಡಿಸಿದೆ. ಸೋಲ್ಡರಿಂಗ್ ಕಡ್ಡಿಯನ್ನು ಸೆಲ್‌ಗೆ ನೇರ ಮುಟ್ಟಿಸಬಾರದು, ಆ ಬಿಸಿ ಒಳಗಿನ ತೆಳು ಪರದೆಯನ್ನೂ ಸೀಲನ್ನೂ ಹಾಳು ಮಾಡುತ್ತದೆ. ಕೊನೆಗೆ ಒಂದು ಫ್ಯೂಸ್. ಇಷ್ಟೆಲ್ಲ ಖರ್ಚು, ಭಾನುವಾರಗಳು ಸೇರಿಸಿದರೆ ಹೊಸದೇ ಒಂದು ಬರುತ್ತಿತ್ತು. ಉಳಿತಾಯಕ್ಕಾಗಿ ಇದಕ್ಕೆ ಕೈ ಹಾಕಬೇಡಿ. ಸ್ಪಾಟ್ ವೆಲ್ಡರ್, ಮಲ್ಟಿಮೀಟರ್ ಇಲ್ಲದವರಂತೂ ಬೇಡವೇ ಬೇಡ.

ಈ ಡ್ರಿಲ್ ಈಗ ನೆಟ್ಟಗೆ ಓಡುತ್ತಿದೆ. 12.6 ವೋಲ್ಟ್‌ಗೆ ಸರಿಯಾಗಿ ನಿಲ್ಲುವ ಲಿಥಿಯಂ ಚಾರ್ಜರ್‌ನಲ್ಲಿ, ಬಂಡೆಕಲ್ಲಿನ ಮೇಲಿಟ್ಟು, ನಾನು ಎದ್ದಿರುವಾಗಲೇ ಚಾರ್ಜ್ ಮಾಡುತ್ತೇನೆ. ಎತ್ತಿಡುವಾಗ ಅರ್ಧ ಚಾರ್ಜ್‌ನಲ್ಲಿ, ತಣ್ಣನೆಯ ಜಾಗದಲ್ಲಿ ಇಡುತ್ತೇನೆ. ಒಂದು ಭಯ ಮಾತ್ರ ಇತ್ತು. ಹಳೇ ಚಾರ್ಜರ್ ಈ ಪ್ಯಾಕ್‌ಗೂ ಸಲೀಸಾಗಿ ಕೂರುತ್ತದೆ. ಅದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ತುಂಬಿದಾಗ ವೋಲ್ಟೇಜ್ ಸ್ವಲ್ಪ ಕುಸಿಯುವುದನ್ನೋ, ಬಿಸಿ ಏರುವುದನ್ನೋ ನೋಡಿ ನಿಲ್ಲುವ ಜಾತಿ. ಲಿಥಿಯಂನಲ್ಲಿ ಆ ಕುಸಿತ ಬರುವುದೇ ಇಲ್ಲ, ಅದು ತುಂಬುತ್ತಲೇ ಇರುತ್ತದೆ. ನಾನು ಊರಲ್ಲಿಲ್ಲದಾಗ ಮನೆಯವರು ಯಾರಾದರೂ ಸಿಕ್ಕಿಸಿಬಿಟ್ಟರೆ? ಡಬ್ಬಿಯ ಮೇಲೆ 'ಹಳೇ ಚಾರ್ಜರ್ ಹಾಕಬೇಡಿ' ಎಂದು ದಪ್ಪಗೆ ಬರೆದು ಅಂಟಿಸಿದೆ. ಆಮೇಲೆ ಒಂದು ನಿಮಿಷ ಯೋಚಿಸಿ, ಕತ್ತರಿ ತಗೊಂಡು ಹಳೇ ಚಾರ್ಜರ್‌ನ ವೈರು ಬುಡಕ್ಕೇ ಕತ್ತರಿಸಿದೆ. ಕಪಾಟಿನಲ್ಲಿ ನಾಲ್ಕು ಅಂತ ಶುರುವಿನಲ್ಲಿ ಹೇಳಿದ್ದು ಅದನ್ನು ಬಿಟ್ಟು.